ಗಮಕ: ಕಾವ್ಯ ಕಿವಿಗೆ ಬಿದ್ದ ಬಗೆ

ಅಚ್ಚಿನ ಪುಸ್ತಕ ಬರುವ ಮುನ್ನ ಕನ್ನಡ ಕಾವ್ಯವನ್ನು ಓದಿದವರಿಗಿಂತ ಕೇಳಿದವರೇ ಹೆಚ್ಚು. 15ನೆಯ ಶತಮಾನದ ಕುಮಾರವ್ಯಾಸನ ಭಾರತ, ಬಳಿಕ ಲಕ್ಷ್ಮೀಶನ ಜೈಮಿನಿ ಭಾರತ ಅಕ್ಷರ ಬಾರದವರಿಗೂ ತಲುಪಿದ್ದು ದೇವಸ್ಥಾನದಲ್ಲಿ, ಮನೆಯ ಜಗಲಿಯಲ್ಲಿ ನಡೆಯುತ್ತಿದ್ದ ಗಮಕ ವಾಚನದಿಂದ. ಒಬ್ಬರು ಕಾವ್ಯವನ್ನು ರಾಗವಾಗಿ ವಾಚಿಸುತ್ತಾರೆ, ಇನ್ನೊಬ್ಬರು ವ್ಯಾಖ್ಯಾನಿಸುತ್ತಾರೆ.

ಕೇಳುಗರ ಸುಖ ವಾಚಕರ ಕೈಯಲ್ಲಿದೆ. ಕುಮಾರವ್ಯಾಸನ ಛಂದಸ್ಸಾದ ಭಾಮಿನಿ ಷಟ್ಪದಿಯ ಮೂರು, ನಾಲ್ಕು ಮಾತ್ರೆಗಳ ಗಣಗಳಲ್ಲಿ ಪದಗಳು ಸಂಧಿಯಾಗಿ ಹೆಣೆದುಕೊಂಡಿರುತ್ತವೆ. ಒಂದು ಪಾದದಲ್ಲಿ ಆರಂಭವಾದ ಪದ ಮುಂದಿನ ಪಾದದಲ್ಲಿ ಮುಗಿಯುವುದೂ ಉಂಟು. ಛಂದಸ್ಸಿನ ಲೆಕ್ಕಕ್ಕೆ ನಿಲ್ಲಿಸಿದರೆ ಅರ್ಥ ಮುರಿಯುತ್ತದೆ. ಅರ್ಥಕ್ಕೆ ತಕ್ಕಂತೆ ಪದ ಬಿಡಿಸಿ, ಲಯವನ್ನೂ ಉಳಿಸುವುದೇ ಈ ಕಲೆಯ ನಿಜವಾದ ಕಷ್ಟ. ರಾಗವೂ ರಸವನ್ನು ಅನುಸರಿಸುತ್ತದೆ: ಶೋಕಕ್ಕೆ ಮುಖಾರಿ, ವೀರಕ್ಕೆ ಅಠಾಣ. ಆದರೆ ಸಂಗೀತ ಮಾತನ್ನು ಮುಚ್ಚಬಾರದು; ಆಲಾಪನೆಯ ಮೋಹಕ್ಕೆ ಬಿದ್ದ ವಾಚನದಲ್ಲಿ ದ್ರೌಪದಿಯ ಮೊರೆ ಕೇಳುವುದಿಲ್ಲ, ರಾಗವಷ್ಟೇ ಕೇಳುತ್ತದೆ.

ಮುದ್ರಣದಿಂದ ಮೌನವಾಚನ ಬಂದಿತು. ಆದರೂ ಆಕಾಶವಾಣಿ ಗಮಕವನ್ನು ಮನೆಮನೆಗೆ ಒಯ್ದಿತು. ಶಿವಮೊಗ್ಗದ ಬಳಿಯ ಹೊಸಹಳ್ಳಿಯ ಗಮಕಿ ಎಚ್.ಆರ್. ಕೇಶವಮೂರ್ತಿ ಅವರಿಗೆ 2022ರಲ್ಲಿ ಪದ್ಮಶ್ರೀ ಪ್ರಶಸ್ತಿ ಸಂದಿತು.