ಬಾಬಯ್ಯನ ಹಬ್ಬಕ್ಕೆ ಬಸ್ಸಿನಲ್ಲಿ



ನಾನು ಮಡಕಶಿರದಲ್ಲಿ ಬ್ಯಾಂಕ್ ಗುಮಾಸ್ತನಾಗಿದ್ದಾಗ ಮೊಹರಂ ಬಂತೆಂದರೆ ಕ್ಯಾಲೆಂಡರನ್ನು ಎರಡೆರಡು ಸಲ ನೋಡಬೇಕಾಗುತ್ತಿತ್ತು. ಬ್ಯಾಂಕಿನ ರಜೆಯನ್ನು 1881ರ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯಿದೆಯಂತೆ ಆಯಾ ರಾಜ್ಯ ಸರ್ಕಾರ ಸಾರುತ್ತದೆ. ಚಂದ್ರನ ಲೆಕ್ಕದಲ್ಲಿ ಒಂದು ದಿನ ಹಿಂದೆ ಮುಂದೆ ಆಗುವುದುಂಟು. ಒಂದು ವರ್ಷ ನಮ್ಮಲ್ಲಿ ಈ ದಿನ ರಜೆ, ಗಡಿಯಾಚೆ ಕರ್ನಾಟಕದಲ್ಲಿ ಮರುದಿನ. ಪಾವಗಡದ ಕಡೆಯ ರೈತರೊಬ್ಬರು ನಮ್ಮ ಮುಚ್ಚಿದ ಬಾಗಿಲ ಮುಂದೆ ನಿಂತಿದ್ದರು. ಬಸ್ ಸ್ಟ್ಯಾಂಡಿಗೆ ಹೊರಟಿದ್ದ ನನ್ನನ್ನು ಕಂಡು, "ಏನ್ ಸ್ವಾಮಿ, ನಿಮ್ಮ ಬಾಬಯ್ಯ ನಮ್ಮ ಬಾಬಯ್ಯನಿಗಿಂತ ಒಂದು ದಿನ ಮುಂಚೇನೇ ಬಂದ್ನಾ?" ಎಂದರು. ನಾನು ಗೂಗೂಡಿಗೆ ಹೊರಟಿದ್ದೇನೆಂದು ತಿಳಿದು, ಬಂದದ್ದು ಬಂದೆ ಎಂದು ಅವರೂ ಬಸ್ಸು ಹತ್ತಿದರು.

ಪೆನುಕೊಂಡ, ಅನಂತಪುರ, ನಾರ್ಪಲ; ಅಲ್ಲಿಂದ ಗೂಗೂಡು. ಕುಳಿತುಕೊಳ್ಳಲು ಜಾಗವಿಲ್ಲ. ಹಸಿರು ರುಮಾಲಿನವರು, ವಿಭೂತಿಯವರು, ನಾಮದವರು ಎಲ್ಲರೂ ಒಂದೇ ಬಸ್ಸಿನಲ್ಲಿ. ನಮ್ಮವರು "ಸಕ್ಕರೆ ಓದಿಸ್ತೀವಿ" ಎಂದರೆ ಪಕ್ಕದವರು "ಚಕ್ಕೆರ ಚದಿವಿಸ್ತಾಮು" ಎನ್ನುತ್ತಾರೆ. ಹರಕೆ ಒಂದೇ, ಮಾತೂ ಪದಕ್ಕೆ ಪದ ಒಂದೇ. ಅಲ್ಲಿನ ಪೀರ್ ಕುಳ್ಳಾಯಪ್ಪ. ಕುಳ್ಳಾಯಿ ಎಂದರೆ ತೆಲುಗಿನಲ್ಲಿ ಟೋಪಿ. ನಾವು ಮಗುವಿಗೆ ಹಾಕುವ ಕುಲಾವಿಯೂ ಅದೇ ಮಾತು, ಪಾರಸಿಯಿಂದ ಬಂದದ್ದು.

ಇದು ಮೂಲದಲ್ಲಿ ಹಬ್ಬವೇ ಅಲ್ಲ, ಶೋಕದ ದಿನ. ಹಿಜರಿ 61ರ ಮೊಹರಂ ಹತ್ತರಂದು, ಅಂದರೆ ಕ್ರಿ.ಶ. 680ರಲ್ಲಿ, ಪ್ರವಾದಿ ಮಹಮದರ ಮೊಮ್ಮಗ ಹುಸೇನರು ಇರಾಕಿನ ಕರ್ಬಲಾದಲ್ಲಿ ಹತರಾದರು. ಬಿಜಾಪುರದ ಆದಿಲಶಾಹಿ, ಗೋಲ್ಕೊಂಡದ ಕುತುಬಶಾಹಿಗಳ ಆಶ್ರಯದಲ್ಲಿ ಆ ಸ್ಮರಣೆ ದಖ್ಖನಿನಲ್ಲಿ ಬೇರೂರಿತು. ನಮ್ಮ ಹಳ್ಳಿಗಳಿಗೆ ಬರುವ ಹೊತ್ತಿಗೆ ಅದಕ್ಕೆ ಬೆಂಕಿಯ ಗುಂಡ, ತಮಟೆ, ಬೆಲ್ಲ ಸೇರಿಕೊಂಡವು. ಒಮ್ಮೆ ನಾನು ಮುಸ್ಲಿಂ ಸಹೋದ್ಯೋಗಿಯೊಬ್ಬರಿಗೆ "ಹಬ್ಬದ ಶುಭಾಶಯ" ಎಂದೆ. ಅವರು ನಕ್ಕು ಸುಮ್ಮನಾದರು. ಆಮೇಲೆ ವಿಷಯ ತಿಳಿದು ನಾಚಿಕೆಯಾಯಿತು.

ಮೊಹರಂ ವರ್ಷಕ್ಕೆ ಸುಮಾರು ಹನ್ನೊಂದು ದಿನ ಹಿಂದೆ ಸರಿಯುತ್ತದೆ. ಮೂವತ್ತಮೂರು ವರ್ಷಕ್ಕೊಂದು ಸುತ್ತು. 1953ರಲ್ಲಿ ಅದು ಸೆಪ್ಟೆಂಬರ್ ಮೂರನೆಯ ವಾರದಲ್ಲಿ ಬಿತ್ತು. ಆಗ ರಾಯದುರ್ಗ ಇನ್ನೂ ಬಳ್ಳಾರಿ ಜಿಲ್ಲೆಯ ತಾಲೂಕು. ಎರಡು ವಾರ ಕಳೆಯುವುದರೊಳಗೆ, ಅಕ್ಟೋಬರ್ 1ರಂದು, ಆದೋನಿ, ಆಲೂರುಗಳ ಜೊತೆ ಅದೂ ಆಂಧ್ರಕ್ಕೆ ಸೇರಿತು. ಬಳ್ಳಾರಿ ಮೈಸೂರಿಗೆ ಹೋಯಿತು. ಮುಂದಿನ ಮೊಹರಂ ಹೊತ್ತಿಗೆ ರಾಯದುರ್ಗದವರ ರಜೆಯ ಪಟ್ಟಿ ಬೇರೆ, ಬಳ್ಳಾರಿಯ ನೆಂಟರದು ಬೇರೆ. ಎರಡು ಸುತ್ತು ಮುಗಿದು 2018ರ ಸೆಪ್ಟೆಂಬರ್ 21ಕ್ಕೆ ಮೊಹರಂ ಮತ್ತೆ ಅದೇ ವಾರಕ್ಕೆ ಬಂತು. 2022ರ ಏಪ್ರಿಲ್ 4ರಂದು ಮಡಕಶಿರ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿತು, ರಾಯದುರ್ಗ ಅನಂತಪುರದಲ್ಲೇ ಉಳಿಯಿತು. ಗೆರೆಗಳು ಹೀಗೆ ಜರುಗುತ್ತಲೇ ಇವೆ.

ನಾವು ತಲುಪುವಾಗ ಗುಂಡದಲ್ಲಿ ಬೂದಿ ಮಾತ್ರ ಉಳಿದಿತ್ತು. ರೈತರು ಚಿಟಿಕೆ ಬೂದಿ ಹಣೆಗಿಟ್ಟು, ಸಕ್ಕರೆ ಓದಿಸಿ, ಅಲ್ಲೇ ಇರುವ ಆಂಜನೇಯನಿಗೂ ಕೈಮುಗಿದರು. ರಾತ್ರಿ ಅನಂತಪುರದ ಬಸ್ ಸ್ಟ್ಯಾಂಡಿನಲ್ಲೇ ಮಲಗಿದೆವು. ಬೆಳಿಗ್ಗೆ ನಾನು ಕೌಂಟರಿನಲ್ಲಿ ಕೂತಾಗ ಮೊದಲ ಟೋಕನ್ ಅವರದೇ. ಹಣ ಎಣಿಸಿಕೊಂಡು, "ನಮ್ಮೂರಲ್ಲಿ ಇವತ್ತು ಬಾಬಯ್ಯನ ಹಬ್ಬ, ಬರ್ತೀನಿ ಸ್ವಾಮಿ" ಎಂದು ಪಾವಗಡದ ಬಸ್ಸಿಗೆ ಓಡಿದರು.