ಶಾಲೆ ಮುಚ್ಚಿದ ಕಾಲದ ಜೀಡಿಮೆಟ್ಲಾ

ಜೀಡಿಮೆಟ್ಲಾ ಹೈದರಾಬಾದಿನ ಉತ್ತರ ಭಾಗದಲ್ಲಿರುವ ಕೈಗಾರಿಕಾ ಪ್ರದೇಶ. ಕುತ್ಬುಲ್ಲಾಪುರ ಪುರಸಭೆಗೆ ಸೇರಿದ್ದ ಈ ಭಾಗ 2007ರಲ್ಲಿ ಗ್ರೇಟರ್ ಹೈದರಾಬಾದ್ ಮಹಾನಗರ ಪಾಲಿಕೆಯೊಳಗೆ ಬಂತು. 2016ರಲ್ಲಿ ರಂಗಾರೆಡ್ಡಿ ಜಿಲ್ಲೆ ಒಡೆದಾಗ ಮೇಡ್ಚಲ್-ಮಲ್ಕಾಜಗಿರಿ ಜಿಲ್ಲೆಯ ಪಾಲಾಯಿತು. ಕೋವಿಡ್ ಕಾಲದಲ್ಲಿ ಶಾಲೆಗಳನ್ನು ಮುಚ್ಚಿದ್ದರಿಂದ ದುಡಿಯುವ ಜನರ ಮಕ್ಕಳ ಓದಿಗೆ ಏನಾಯಿತೆಂದು ತಿಳಿಯಲು ಇಂಥ ಊರಿನ ಚರಿತ್ರೆಯನ್ನು ನೋಡಬೇಕು. ಇಲ್ಲಿನ ಔಷಧ ಕಾರ್ಖಾನೆಗಳಿಗೆ ಲಾಕ್‌ಡೌನಿನಲ್ಲೂ ವಿನಾಯಿತಿ ಇತ್ತು. ಅಲ್ಲಿ ದುಡಿಯುವವರ ಮಕ್ಕಳ ಶಾಲೆಗೆ ಇರಲಿಲ್ಲ.

ಈ ಭಾಗಕ್ಕೆ ಕೈಗಾರಿಕೆ ಬಂದದ್ದು 1960ರ ದಶಕದಲ್ಲಿ. ಪಕ್ಕದ ಬಾಲಾನಗರದಲ್ಲಿ ಸರ್ಕಾರಿ ಔಷಧ ಸಂಸ್ಥೆ ಐಡಿಪಿಎಲ್, ಚಿಂತಲ್‌ನಲ್ಲಿ ಎಚ್‌ಎಂಟಿ ನೆಲೆಗೊಂಡವು. ಮುಂದಿನ ದಶಕದಿಂದ ಜೀಡಿಮೆಟ್ಲಾ ಕೈಗಾರಿಕಾ ವಸಾಹತು ಬೆಳೆಯಿತು. ಐಡಿಪಿಎಲ್‌ನಲ್ಲಿ ಅನುಭವ ಪಡೆದ ರಸಾಯನ ತಜ್ಞರು ಹೊರಬಂದು ತಮ್ಮದೇ ಘಟಕ ತೆರೆದರು. 1984ರಲ್ಲಿ ಡಾ. ರೆಡ್ಡೀಸ್ ಸಂಸ್ಥೆ ಕಟ್ಟಿದ ಕೆ. ಅಂಜಿ ರೆಡ್ಡಿ ಅವರಲ್ಲಿ ಪ್ರಮುಖರು. ಔಷಧ, ರಾಸಾಯನಿಕ, ಪ್ಲಾಸ್ಟಿಕ್, ಎಂಜಿನಿಯರಿಂಗ್ ಘಟಕಗಳ ಸುತ್ತ ಶಾಪುರ್‌ನಗರ, ಚಿಂತಲ್, ಗಾಜುಲರಾಮಾರಂ, ಜಗದ್ಗಿರಿಗುಟ್ಟದ ಬಸ್ತಿಗಳು ಹಬ್ಬಿದವು. ತೆಲಂಗಾಣ, ಆಂಧ್ರದ ಹಳ್ಳಿಗಳಿಂದಷ್ಟೇ ಅಲ್ಲದೆ ಒಡಿಶಾ, ಬಿಹಾರ, ಉತ್ತರ ಪ್ರದೇಶಗಳಿಂದಲೂ ಕೂಲಿಕಾರರು ಬಂದು ಸೇರಿದರು. 1956ರವರೆಗೆ ಹೈದರಾಬಾದ್ ರಾಜ್ಯದಲ್ಲೇ ಇದ್ದ ಬೀದರ್, ಕಲಬುರಗಿ, ರಾಯಚೂರು ಸೀಮೆಯ ಜನರಿಗಂತೂ ಈ ನಗರಕ್ಕೆ ದುಡಿಯಲು ಬರುವುದು ಹಿಂದಿನಿಂದ ನಡೆದುಬಂದ ರೂಢಿ.

ಇಂಥ ಬಡಾವಣೆಯಲ್ಲಿ ಶಾಲೆ ಎರಡು ಬಗೆಯದು. ಒಂದು ಸರ್ಕಾರಿ ಶಾಲೆ, ಇನ್ನೊಂದು ಕಡಿಮೆ ಶುಲ್ಕದ ಖಾಸಗಿ ಇಂಗ್ಲಿಷ್ ಶಾಲೆ. ಸ್ವಲ್ಪ ಸಂಬಳ ಕೈಗೆ ಹತ್ತಿದ ಕೂಡಲೇ ಮಕ್ಕಳನ್ನು ಎರಡನೆಯದಕ್ಕೆ ಸೇರಿಸುವುದು ಕಾರ್ಮಿಕ ಕುಟುಂಬಗಳ ವಾಡಿಕೆ. ಮನೆಯಲ್ಲಿ ಪಾಠ ಹೇಳಿಕೊಡುವಷ್ಟು ಓದಿದವರು ಕಡಿಮೆ, ಓದಿದ್ದರೂ ಪಾಳಿಯ ಕೆಲಸದಲ್ಲಿ ಬಿಡುವು ಕಡಿಮೆ. ಹೀಗಾಗಿ ಈ ಮಕ್ಕಳಿಗೆ ಅಕ್ಷರ ಕಲಿಸುವುದರಿಂದ ಹಿಡಿದು ಮಧ್ಯಾಹ್ನದ ಊಟ ಹಾಕುವುದು, ತಂದೆತಾಯಿ ಕೆಲಸದಲ್ಲಿರುವ ಹೊತ್ತಿನಲ್ಲಿ ಕಾಯುವುದು, ಎಲ್ಲವೂ ಶಾಲೆಯ ಕೆಲಸವೇ ಆಗಿತ್ತು.

2020ರ ಮಾರ್ಚ್ 14ರಂದು ತೆಲಂಗಾಣ ಸರ್ಕಾರ ಶಾಲಾ ಕಾಲೇಜುಗಳಿಗೆ ತಿಂಗಳ ಕೊನೆಯವರೆಗೆ ರಜೆ ಸಾರಿತು. ಮಾರ್ಚ್ 16ರ ಸೋಮವಾರ ಶಾಲೆಗಳು ತೆರೆಯಲಿಲ್ಲ. ಹತ್ತನೇ ತರಗತಿಯ ಪರೀಕ್ಷೆ ಮಾತ್ರ ಮಾರ್ಚ್ 19ರಂದು ಆರಂಭವಾಗಿ, ಕೆಲವೇ ಪತ್ರಿಕೆಗಳ ನಂತರ ಹೈಕೋರ್ಟಿನ ಆದೇಶದಂತೆ ನಿಂತಿತು. ಅಷ್ಟರಲ್ಲಿ ದೇಶವೇ ಲಾಕ್‌ಡೌನ್ ಆಯಿತು. ಜೀಡಿಮೆಟ್ಲಾದ ಮಗ್ಗುಲಲ್ಲೇ ಮೇಡ್ಚಲ್ ಕಡೆಗೆ ಸಾಗುವ ರಾಷ್ಟ್ರೀಯ ಹೆದ್ದಾರಿ 44ರಲ್ಲಿ ಉತ್ತರದ ರಾಜ್ಯಗಳ ಕಾರ್ಮಿಕರು ಗಂಟುಮೂಟೆ ಹೊತ್ತು, ಮಕ್ಕಳನ್ನು ಕಟ್ಟಿಕೊಂಡು ನಡೆದರು. ಮೇ 1ರಂದು ದೇಶದ ಮೊದಲ ಶ್ರಮಿಕ್ ರೈಲು ಹೊರಟದ್ದೂ ಇದೇ ನಗರದ ಲಿಂಗಂಪಲ್ಲಿ ನಿಲ್ದಾಣದಿಂದ, ಜಾರ್ಖಂಡಿನ ಹಟಿಯಾಕ್ಕೆ. ಊರಿಗೆ ಮರಳಿದ ಕುಟುಂಬಗಳ ಮಕ್ಕಳ ಹೆಸರು ಹಾಜರಿ ಪುಸ್ತಕದಲ್ಲಿ ಒಂದು ರಾಜ್ಯದಲ್ಲಿ ಉಳಿಯಿತು, ಮಕ್ಕಳು ಇನ್ನೊಂದು ರಾಜ್ಯದಲ್ಲಿದ್ದರು.

ಜೂನ್ ಮೊದಲ ವಾರ ಹೈಕೋರ್ಟು ಹತ್ತನೇ ತರಗತಿಯ ಉಳಿದ ಪರೀಕ್ಷೆಗಳನ್ನು ನಡೆಸಲು ಒಪ್ಪಿದರೂ ಸೋಂಕು ಹೆಚ್ಚಿದ್ದ ಹೈದರಾಬಾದ್ ಪಾಲಿಕೆ ವ್ಯಾಪ್ತಿಯನ್ನು ಹೊರಗಿಟ್ಟಿತು. ಜೀಡಿಮೆಟ್ಲಾ ಆ ವ್ಯಾಪ್ತಿಯೊಳಗಿತ್ತು. ಒಂದೇ ಪರೀಕ್ಷೆಯನ್ನು ಎರಡು ಸಲ ನಡೆಸುವುದು ಆಗದ ಮಾತೆಂದು ಸರ್ಕಾರ ಜೂನ್ 8ರಂದು ಪರೀಕ್ಷೆಯನ್ನೇ ಕೈಬಿಟ್ಟು, 5,34,903 ವಿದ್ಯಾರ್ಥಿಗಳನ್ನು ಆಂತರಿಕ ಅಂಕಗಳ ಆಧಾರದಲ್ಲಿ ತೇರ್ಗಡೆ ಮಾಡಿತು.

ಹೊಸ ಶೈಕ್ಷಣಿಕ ವರ್ಷ ಟಿ.ವಿ. ಪರದೆಯ ಮೇಲೆ ಶುರುವಾಯಿತು. 2020ರ ಸೆಪ್ಟೆಂಬರ್ 1ರಿಂದ ಟಿ-ಸ್ಯಾಟ್ ವಾಹಿನಿ ಮತ್ತು ದೂರದರ್ಶನದ ಯಾದಗಿರಿಯಲ್ಲಿ ತರಗತಿವಾರು ಪಾಠಗಳು ಪ್ರಸಾರವಾದವು. ಕಾರ್ಯಹಾಳೆಗಳು ಸಿದ್ಧವಾದವು, ಶಿಕ್ಷಕರು ಪೋಷಕರಿಗೆ ಫೋನ್ ಮಾಡಿ ವಿಚಾರಿಸುತ್ತಿದ್ದರು. ಕರ್ನಾಟಕದಲ್ಲಿ ಚಂದನ ವಾಹಿನಿಯ ‘ಸಂವೇದ’ ಪಾಠಗಳು ಇದೇ ದಾರಿ ಹಿಡಿದವು. ಅಲ್ಲಿ ಇನ್ನೊಂದು ಪ್ರಯತ್ನವೂ ನಡೆಯಿತು. 2020ರ ಆಗಸ್ಟ್‌ನಲ್ಲಿ ಆರಂಭವಾದ ‘ವಿದ್ಯಾಗಮ’ದಲ್ಲಿ ಶಿಕ್ಷಕರೇ ಮಕ್ಕಳಿದ್ದಲ್ಲಿಗೆ ಹೋಗಿ ಗುಡಿಯ ಕಟ್ಟೆ, ಸಮುದಾಯ ಭವನ, ಮರದ ನೆರಳಿನಲ್ಲಿ ಪಾಠ ಮಾಡಿದರು. ಸೋಂಕಿನ ಭಯದಿಂದ ಅಕ್ಟೋಬರ್‌ನಲ್ಲಿ ಅದೂ ನಿಂತು, 2021ರ ಜನವರಿಯಲ್ಲಿ ಮತ್ತೆ ಆರಂಭವಾಯಿತು.

ಪರದೆಯ ಪಾಠ ಬಸ್ತಿಯ ಮನೆಗೆ ಎಷ್ಟು ಮುಟ್ಟಬಲ್ಲದು ಎಂಬುದನ್ನು ಮನೆಯ ಸ್ಥಿತಿಯೇ ತೀರ್ಮಾನಿಸಿತು. ಸ್ಮಾರ್ಟ್‌ಫೋನ್ ಇದ್ದರೂ ಅದು ಒಂದೇ. ಬೆಳಗಿನ ಪಾಳಿಗೆ ಹೊರಟ ತಂದೆಯ ಜೇಬಿನಲ್ಲಿ ಅದೂ ಹೊರಟಿತೆಂದರೆ ತರಗತಿ ಮುಗಿದಂತೆಯೇ. ಟಿ.ವಿ.ಯಲ್ಲಿ ಮೂರನೇ ತರಗತಿಯವರ ಪಾಠ ಬರುವ ಹೊತ್ತಿಗೆ ಒಂದೇ ಕೋಣೆಯಲ್ಲಿ ಅಡುಗೆ, ಕೂಸಿನ ಅಳು, ರಾತ್ರಿ ಪಾಳಿ ಮುಗಿಸಿ ಬಂದವರ ನಿದ್ದೆ, ಎಲ್ಲವೂ ನಡೆಯಬೇಕು. ತೆಲುಗಿನ ಪಾಠವನ್ನು ಒಡಿಯಾ, ಹಿಂದಿ, ಕನ್ನಡ ಮಾತಾಡುವ ಮನೆಯವರು ಬಿಡಿಸಿ ಹೇಳಲಾರರು. ಎಲ್ಲಕ್ಕಿಂತ ದೊಡ್ಡ ಕೊರತೆ ಬೇರೆಯೇ ಇತ್ತು. ಪರದೆ ಪಾಠ ಹೇಳಬಲ್ಲದು, ಮಗುವಿನ ಸ್ಲೇಟು ನೋಡಲಾರದು. ತಪ್ಪು ಬರೆದ ಅಕ್ಷರವನ್ನು ಅಳಿಸಿ, ಕೈ ಹಿಡಿದು ತಿದ್ದಿಸುವವರು ಇಲ್ಲದೆ ಆರೇಳು ವರ್ಷದ ಮಗು ಓದು ಕಲಿಯುವುದಿಲ್ಲ.

ಕಡಿಮೆ ಶುಲ್ಕದ ಖಾಸಗಿ ಶಾಲೆಗಳ ಕಷ್ಟ ಇನ್ನೊಂದು ಬಗೆಯದು. ಪೋಷಕರ ದುಡಿಮೆ ನಿಂತು ಶುಲ್ಕ ಬರಲಿಲ್ಲ, ಶುಲ್ಕವಿಲ್ಲದೆ ಸಂಬಳವಿಲ್ಲ. ತೆಲಂಗಾಣದಾದ್ಯಂತ ಖಾಸಗಿ ಶಾಲೆಯ ಎಷ್ಟೋ ಶಿಕ್ಷಕರು ತರಕಾರಿ ಮಾರಿದರು, ಕೂಲಿಗೆ ಹೋದರು. 2021ರ ಏಪ್ರಿಲ್‌ನಲ್ಲಿ ಸರ್ಕಾರ ಅವರಿಗೆ ತಿಂಗಳಿಗೆ 2,000 ರೂಪಾಯಿ ಮತ್ತು 25 ಕಿಲೋ ಅಕ್ಕಿ ಕೊಡಲು ಮುಂದಾಯಿತು. ಮಕ್ಕಳು ಖಾಸಗಿ ಶಾಲೆ ಬಿಟ್ಟು ಸರ್ಕಾರಿ ಶಾಲೆಯತ್ತ ಬಂದದ್ದು ದೇಶದಾದ್ಯಂತ ಕಂಡ ಸಂಗತಿ. ಮಕ್ಕಳ ಶಿಕ್ಷಣದ ಸ್ಥಿತಿ ಅಳೆಯುವ ‘ಅಸರ್’ ಸಮೀಕ್ಷೆಯ ಪ್ರಕಾರ ಗ್ರಾಮೀಣ ಭಾರತದಲ್ಲಿ ಸರ್ಕಾರಿ ಶಾಲೆಯಲ್ಲಿರುವ ಮಕ್ಕಳ ಪಾಲು 2018ರಲ್ಲಿ ಶೇ. 65.6 ಇದ್ದದ್ದು 2022ರಲ್ಲಿ ಶೇ. 72.9ಕ್ಕೆ ಏರಿತ್ತು.

2021ರ ಫೆಬ್ರವರಿ 1ರಂದು ತೆಲಂಗಾಣದಲ್ಲಿ 9 ಮತ್ತು 10ನೇ ತರಗತಿಗಳು, ಅದೇ ತಿಂಗಳ ಕೊನೆಗೆ 6ರಿಂದ 8ನೇ ತರಗತಿಗಳು ತೆರೆದವು. ಎರಡನೇ ಅಲೆ ಬಂದು ಮಾರ್ಚ್ 24ರಿಂದ ಮತ್ತೆ ಎಲ್ಲವೂ ಮುಚ್ಚಿತು. ಆ ವರ್ಷವೂ ಹತ್ತನೇ ತರಗತಿಗೆ ಪರೀಕ್ಷೆ ನಡೆಯಲಿಲ್ಲ. ಒಂದರಿಂದ ಐದನೇ ತರಗತಿಯ ಮಕ್ಕಳಿಗೆ ಈ ನಡುವಿನ ಕೆಲವು ವಾರಗಳೂ ಸಿಗಲಿಲ್ಲ. ಅವರು ಶಾಲೆಗೆ ಮರಳಿದ್ದು 2021ರ ಸೆಪ್ಟೆಂಬರ್ 1ರಂದು, ಹದಿನೇಳೂವರೆ ತಿಂಗಳ ನಂತರ. ಕರ್ನಾಟಕದ ಚಿಕ್ಕ ಮಕ್ಕಳು ಅಕ್ಟೋಬರ್ 25ರವರೆಗೆ ಕಾಯಬೇಕಾಯಿತು. ಇದೇ ಅವಧಿಯಲ್ಲಿ ಜೀಡಿಮೆಟ್ಲಾ ಇರುವ ಜಿಲ್ಲೆಯಲ್ಲೇ, ಜೀನೋಮ್ ವ್ಯಾಲಿಯ ಭಾರತ್ ಬಯೋಟೆಕ್‌ನಲ್ಲಿ ಕೋವ್ಯಾಕ್ಸಿನ್ ತಯಾರಾಗಿ 2021ರ ಜನವರಿ 3ರಂದು ಅನುಮತಿ ಪಡೆದಿತ್ತು.

ಹೊರಜಗತ್ತಿನ ಲೆಕ್ಕದಲ್ಲೂ ಇದು ಬಹಳ ದೀರ್ಘ ಅವಧಿ. ಸ್ವೀಡನ್ ತನ್ನ ಪ್ರಾಥಮಿಕ ಶಾಲೆಗಳನ್ನು ಮುಚ್ಚಲಿಲ್ಲ. ಫ್ರಾನ್ಸ್ 2020ರ ಮೇ ತಿಂಗಳಲ್ಲೇ ಹಂತಹಂತವಾಗಿ ತೆರೆಯಿತು. ಭಾರತಕ್ಕಿಂತ ಹೆಚ್ಚು ಕಾಲ ಮುಚ್ಚಿದ ದೇಶಗಳಲ್ಲಿ ಉಗಾಂಡ ಒಂದು, ಅಲ್ಲಿ ಶಾಲೆಗಳು 2022ರ ಜನವರಿಯಲ್ಲಿ ತೆರೆದವು. ನೆದರ್ಲೆಂಡ್ಸ್‌ನಲ್ಲಿ ಶಾಲೆಗಳು ಮೊದಲ ಅಲೆಯಲ್ಲಿ ಮುಚ್ಚಿದ್ದು ಎಂಟು ವಾರ ಮಾತ್ರ, ಮನೆಮನೆಗೂ ಇಂಟರ್ನೆಟ್ ಇತ್ತು. ಅಷ್ಟಿದ್ದೂ ಆ ಅವಧಿಯಲ್ಲಿ ಮಕ್ಕಳ ಕಲಿಕೆ ಮುಂದೆ ಸಾಗಲಿಲ್ಲವೆಂದೂ, ಕಡಿಮೆ ಓದಿದವರ ಮನೆಯ ಮಕ್ಕಳಿಗೆ ಹೆಚ್ಚು ನಷ್ಟವಾಯಿತೆಂದೂ ಅಲ್ಲಿನ ಅಧ್ಯಯನ ತೋರಿಸಿತು.

ಭಾರತದಲ್ಲಿ ನಷ್ಟವನ್ನು ಅಳೆದ ಮೊದಲ ದೊಡ್ಡ ಅಧ್ಯಯನಗಳಲ್ಲಿ ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯದ್ದು ಒಂದು. 2021ರ ಜನವರಿಯಲ್ಲಿ ಕರ್ನಾಟಕವೂ ಸೇರಿ ಐದು ರಾಜ್ಯಗಳ 1,137 ಸರ್ಕಾರಿ ಶಾಲೆಗಳ 16,067 ಮಕ್ಕಳನ್ನು ಪರೀಕ್ಷಿಸಿದಾಗ, ಶೇ. 92 ಮಕ್ಕಳು ಹಿಂದಿನ ವರ್ಷ ಗೊತ್ತಿದ್ದ ಭಾಷಾ ಸಾಮರ್ಥ್ಯಗಳಲ್ಲಿ ಕನಿಷ್ಠ ಒಂದನ್ನು ಕಳೆದುಕೊಂಡಿದ್ದರು. ಗಣಿತದಲ್ಲಿ ಇದು ಶೇ. 82. ಅಂದರೆ ಹೊಸ ಪಾಠ ತಪ್ಪಿದ್ದಷ್ಟೇ ಅಲ್ಲ, ಕಲಿತದ್ದೂ ಮರೆತುಹೋಗಿತ್ತು. ಅದೇ ವರ್ಷ ಮಾರ್ಚ್‌ನಲ್ಲಿ ಗ್ರಾಮೀಣ ಕರ್ನಾಟಕದ 24 ಜಿಲ್ಲೆಗಳಲ್ಲಿ ನಡೆದ ಅಸರ್ ಸಮೀಕ್ಷೆಯಲ್ಲಿ, ಎರಡನೇ ತರಗತಿಯ ಪಠ್ಯ ಓದಬಲ್ಲ ಮೂರನೇ ತರಗತಿ ಮಕ್ಕಳ ಪ್ರಮಾಣ 2018ರ ಶೇ. 19.2ರಿಂದ ಶೇ. 9.8ಕ್ಕೆ ಕುಸಿದಿತ್ತು. ಐದನೇ ತರಗತಿಯಲ್ಲಿ ಶೇ. 46ರಿಂದ ಶೇ. 33.6ಕ್ಕೆ ಇಳಿದಿತ್ತು. ಆಗಸ್ಟ್‌ನಲ್ಲಿ ಜ್ಯಾಂ ಡ್ರೆಜ್ ಮತ್ತಿತರರ ಮುಂದಾಳತ್ವದಲ್ಲಿ 15 ರಾಜ್ಯ ಮತ್ತು ಕೇಂದ್ರಾಡಳಿತ ಪ್ರದೇಶಗಳ ಬಡ ಕುಟುಂಬಗಳಲ್ಲಿ ನಡೆದ ಸಮೀಕ್ಷೆಯಲ್ಲಿ, ನಿಯಮಿತವಾಗಿ ಆನ್‌ಲೈನ್ ಪಾಠ ಓದುತ್ತಿದ್ದವರು ನಗರಗಳಲ್ಲೇ ಶೇ. 24, ಹಳ್ಳಿಗಳಲ್ಲಿ ಶೇ. 8 ಮಾತ್ರ.

ಈ ಅಂಕಿಗಳ ಅರ್ಥ ಒಂದೇ ಮಗುವಿನ ದಾರಿ ಹಿಡಿದು ನೋಡಿದರೆ ಸ್ಪಷ್ಟವಾಗುತ್ತದೆ. ತೆಲುಗಿಗೂ ಕನ್ನಡಕ್ಕೂ ಅಕ್ಷರಾಭ್ಯಾಸದ ಕ್ರಮ ಒಂದೇ. ಮೊದಲು ವರ್ಣಮಾಲೆ, ಆಮೇಲೆ ಕಾಗುಣಿತ, ಕೊನೆಗೆ ಒತ್ತಕ್ಷರ. ಒಂದನೇ ತರಗತಿಯಲ್ಲಿ ಅಕ್ಷರ ಗುರುತಿಸಿ, ಎರಡನೆಯದರಲ್ಲಿ ಕಾಗುಣಿತ, ಒತ್ತು ಪಳಗಿಸಿ ಮೂರನೆಯದಕ್ಕೆ ಬಂದ ಮಗು ವಾಕ್ಯ ಓದುತ್ತದೆ. 2020ರ ಮಾರ್ಚ್‌ನಲ್ಲಿ ಒಂದನೇ ತರಗತಿಯಲ್ಲಿದ್ದ ಮಗುವಿಗೆ ಎರಡನೇ ತರಗತಿಯೇ ಇರಲಿಲ್ಲ. ಅದು ನೇರ ಮೂರನೇ ತರಗತಿಗೆ ಬಂದು ಒತ್ತಕ್ಷರ ತುಂಬಿದ ಪಾಠದ ಮುಂದೆ ಕೂತಿತು. ಲೆಕ್ಕದಲ್ಲೂ ಹಾಗೆಯೇ. ದಶಕ ತೆಗೆದುಕೊಂಡು ಕಳೆಯುವುದು ಬಾರದವರಿಗೆ ಭಾಗಾಕಾರ ಹತ್ತುವುದಿಲ್ಲ. ಪಠ್ಯಪುಸ್ತಕ ತರಗತಿಗೆ ತಕ್ಕಂತೆ ಮುಂದೆ ಹೋಗುತ್ತದೆ, ಹಿಂದೆ ಉಳಿದ ಮಗುವಿಗೂ ಪುಸ್ತಕಕ್ಕೂ ನಡುವಿನ ದೂರ ಪ್ರತಿವರ್ಷ ಹೆಚ್ಚುತ್ತದೆ.

ದೊಡ್ಡ ಮಕ್ಕಳ ನಷ್ಟ ಬಯಲಾದದ್ದು ಪರೀಕ್ಷೆಯಲ್ಲಿ. 2020ರಲ್ಲಿ ಪರೀಕ್ಷೆಯಿಲ್ಲದೆ ಹತ್ತನೆಯದು ದಾಟಿದ ತಂಡ ಇಂಟರ್‌ಮೀಡಿಯೆಟ್ ಮೊದಲ ವರ್ಷವನ್ನು ಬಹುಮಟ್ಟಿಗೆ ಪರದೆಯ ಮುಂದೆ ಕಳೆಯಿತು. ಮುಂದೂಡಿದ್ದ ಮೊದಲ ವರ್ಷದ ಪರೀಕ್ಷೆ 2021ರ ಅಕ್ಟೋಬರ್ 25ರಿಂದ ನಡೆಯಿತು. ಡಿಸೆಂಬರ್‌ನಲ್ಲಿ ಫಲಿತಾಂಶ ಬಂದಾಗ ಸುಮಾರು 4.59 ಲಕ್ಷ ವಿದ್ಯಾರ್ಥಿಗಳಲ್ಲಿ ತೇರ್ಗಡೆಯಾದವರು ಶೇ. 49. ಕೆಲವು ವಿದ್ಯಾರ್ಥಿಗಳು ಜೀವ ಕಳೆದುಕೊಂಡರು, ಇಂಟರ್ ಮಂಡಳಿಯ ಮುಂದೆ ಪ್ರತಿಭಟನೆಗಳು ನಡೆದವು. ಡಿಸೆಂಬರ್ 24ರಂದು ಶಿಕ್ಷಣ ಸಚಿವೆ ಸಬಿತಾ ಇಂದ್ರಾ ರೆಡ್ಡಿ ಅನುತ್ತೀರ್ಣರಾದ ಎಲ್ಲರಿಗೂ ಕನಿಷ್ಠ 35 ಅಂಕ ಕೊಟ್ಟು ತೇರ್ಗಡೆ ಮಾಡುವುದಾಗಿ ಪ್ರಕಟಿಸಿದರು. ಆ ಹೊತ್ತಿಗೆ ಅದು ಮಾನವೀಯ ನಿರ್ಧಾರ, ಬೇಕಾಗಿದ್ದ ನಿರ್ಧಾರ. ಆದರೆ ಅಂಕ ಕೊಟ್ಟದ್ದರಿಂದ ತಪ್ಪಿಹೋದ ಗಣಿತ, ಭೌತಶಾಸ್ತ್ರ ಮರಳಲಿಲ್ಲ.

ಓಮಿಕ್ರಾನ್ ಅಲೆಯಲ್ಲಿ 2022ರ ಜನವರಿಯ ಸಂಕ್ರಾಂತಿ ರಜೆ ತಿಂಗಳ ಕೊನೆಯವರೆಗೆ ಬೆಳೆದು, ಫೆಬ್ರವರಿ 1ಕ್ಕೆ ಶಾಲೆಗಳು ಮತ್ತೆ ತೆರೆದವು. ದುರಸ್ತಿಯ ಕೆಲಸ ಆಮೇಲೆ ಶುರುವಾಯಿತು. ಕರ್ನಾಟಕ 2022ರ ಮೇ 16ರಂದೇ, ಎಂದಿಗಿಂತ ಹದಿನೈದು ದಿನ ಮುಂಚೆ ಶಾಲೆ ಆರಂಭಿಸಿ ಆ ಇಡೀ ವರ್ಷವನ್ನು ‘ಕಲಿಕಾ ಚೇತರಿಕೆ’ ವರ್ಷವೆಂದು ನಡೆಸಿತು. ಹಿಂದಿನ ಎರಡು ವರ್ಷಗಳಲ್ಲಿ ತಪ್ಪಿದ ಮುಖ್ಯ ಅಂಶಗಳನ್ನು ಕಲಿಕಾ ಹಾಳೆಗಳ ಮೂಲಕ ಆಯಾ ತರಗತಿಯ ಪಾಠದೊಂದಿಗೇ ಕಲಿಸುವುದು ಅದರ ಕ್ರಮ. ತೆಲಂಗಾಣ ಅದೇ ಆಗಸ್ಟ್‌ನಲ್ಲಿ ಒಂದರಿಂದ ಐದನೇ ತರಗತಿಗಳಿಗೆ ಓದು, ಬರಹ, ಲೆಕ್ಕದ ಅಡಿಪಾಯ ಹಾಕಲು ‘ತೊಲಿಮೆಟ್ಟು’ ಎಂಬ ಕಾರ್ಯಕ್ರಮ ತಂದಿತು. ಮಗು ಯಾವ ತರಗತಿಯಲ್ಲಿದೆ ಎನ್ನುವುದಕ್ಕಿಂತ ಮಗುವಿಗೆ ಏನು ಬರುತ್ತದೆ ಎಂದು ನೋಡಿ ಕಲಿಸಬೇಕೆಂಬ ತಿಳಿವಳಿಕೆ ಎರಡಕ್ಕೂ ಆಧಾರ.

ಈ ದುಡಿಮೆ ವ್ಯರ್ಥವಾಗಲಿಲ್ಲ. ಎರಡನೇ ತರಗತಿಯ ಪಠ್ಯ ಓದಬಲ್ಲ ಮೂರನೇ ತರಗತಿ ಮಕ್ಕಳ ಪ್ರಮಾಣ ಗ್ರಾಮೀಣ ಭಾರತದಲ್ಲಿ 2018ರಲ್ಲಿ ಶೇ. 27.3 ಇತ್ತು, 2022ರಲ್ಲಿ ಶೇ. 20.5ಕ್ಕೆ ಇಳಿಯಿತು, 2024ರಲ್ಲಿ ಶೇ. 27.1ಕ್ಕೆ ಮರಳಿತು. ಇದು ಚೇತರಿಕೆಯೇ ಹೌದು. ಆದರೆ 2024ರ ಮೂರನೇ ತರಗತಿಯ ಮಕ್ಕಳು ಬೇರೆ ಮಕ್ಕಳು. ಶಾಲೆ ಮುಚ್ಚಿದ್ದಾಗ ಅವರಿನ್ನೂ ಒಂದನೇ ತರಗತಿಗೆ ಬಂದಿರಲಿಲ್ಲ. ಎರಡನೇ ತರಗತಿಯನ್ನೇ ಕಳೆದುಕೊಂಡವರು ಪ್ರಾಥಮಿಕ ಹಂತ ದಾಟಿಹೋಗಿದ್ದಾರೆ. ತೊಲಿಮೆಟ್ಟಿನಂಥ ಕಾರ್ಯಕ್ರಮ ಅವರಿಗೆ ದೊರೆತದ್ದು ನಾಲ್ಕು ಮತ್ತು ಐದನೇ ತರಗತಿಯಲ್ಲಿ ಮಾತ್ರ.

ಆ ಮಕ್ಕಳು ಹತ್ತನೇ ತರಗತಿಯ ಪರೀಕ್ಷೆಗೆ ಕೂರುವುದು 2029ರಲ್ಲಿ. ಅಲ್ಲಿಯವರೆಗೆ ಪ್ರೌಢಶಾಲೆಯ ಶಿಕ್ಷಕರು ಓದಲು ತಡವರಿಸುವ ಹುಡುಗ ಹುಡುಗಿಯರನ್ನು ದಡ್ಡರೆಂದು ಬದಿಗಿಡದೆ, ಅವರಿಗೆ ಸಿಗದೇ ಹೋದ ಪಾಠವನ್ನು ಮೊದಲು ಕಲಿಸಬೇಕು, ಸರ್ಕಾರಗಳು ಅದಕ್ಕೆ ಬೇಕಾದ ಸಮಯ ಮತ್ತು ಶಿಕ್ಷಕರನ್ನು ಒದಗಿಸಬೇಕು. ಸಾಂಕ್ರಾಮಿಕದಲ್ಲಿ ನಾಡಿಗೆ ಔಷಧ ತಯಾರಿಸಿಕೊಟ್ಟ ಕಾರ್ಮಿಕರ ಮಕ್ಕಳಿಗೆ ನಾಡು ಸಲ್ಲಿಸಬೇಕಾದ ಬಾಕಿ ಅದು.