ಹರಕೆ: ಹೊರುವುದು, ತೀರಿಸುವುದು

ಭಾವಿಕೇರಿಯ ನಮ್ಮ ಚಿಕ್ಕಮ್ಮನಿಗೆ ಎದೆಯ ಕ್ಯಾನ್ಸರ್ ಎಂದು ಗೊತ್ತಾದ ವರ್ಷ ಆ ಮನೆಯಲ್ಲಿ ಎರಡು ಲೆಕ್ಕ ನಡೆಯುತ್ತಿದ್ದವು. ಒಂದು ಚಿಕ್ಕಪ್ಪನ ನೋಟ್‌ಬುಕ್ಕು: ಕಿಮೋಥೆರಪಿಯ ತಾರೀಕು, ಕಾರಿನ ಬಾಡಿಗೆ, ಔಷಧದ ಬಿಲ್ಲು. ಇನ್ನೊಂದು ಹಳೆಯ ಕ್ಯಾಲೆಂಡರಿನ ಹಿಂಬದಿ. ಅದರ ಮೇಲೆ ಚಿಕ್ಕಮ್ಮ ಪೆನ್ಸಿಲ್ಲಿನಿಂದ ಗೀಟು ಎಳೆಯುತ್ತಿದ್ದಳು. ಅಂಕೋಲೆಯ ಶಾಂತಾದುರ್ಗೆಗೆ ನೂರೊಂದು ಅಬ್ಬಲಿಗೆ ದಂಡೆಗಳನ್ನು ಕೈಯಾರೆ ಕಟ್ಟಿ ಮುಡಿಸುತ್ತೇನೆ ಎಂದು ಹರಕೆ ಹೊತ್ತಿದ್ದಳು. ಒಂದು ದಂಡೆಗೆ ಒಂದು ಗೀಟು.

ಕಿಮೋ ಔಷಧಗಳಲ್ಲಿ ಕೆಲವು ಬೆರಳ ತುದಿಯ ನರಗಳನ್ನು ಕೆಡಿಸುತ್ತವೆ. ಜೋಮು ಹಿಡಿದ ಹಾಗೆ, ಸಣ್ಣ ಮುಳ್ಳು ಆಡಿದ ಹಾಗೆ ಇರುತ್ತದೆ. ಅಂಗಿಯ ಗುಂಡಿ ಹಾಕುವುದೂ ಕಷ್ಟ. ಅಬ್ಬಲಿಗೆಯಂಥ ತೆಳು ಹೂವಿನ ತೊಟ್ಟನ್ನು ಬಾಳೆನಾರಿನಲ್ಲಿ ಸುತ್ತಿ ಬಿಗಿಯುವುದು ಗಟ್ಟಿ ಬೆರಳಿನವರಿಗೂ ಸುಲಭವಲ್ಲ. ಮೊದಲು ಮಾತಾಡುತ್ತ ಮಾತಾಡುತ್ತ ಮೊಳಗಟ್ಟಲೆ ಕಟ್ಟುತ್ತಿದ್ದವಳು ಈಗ ಒಂದು ಗೇಣಿಗೆ ಅರ್ಧ ತಾಸು ಕೂರುತ್ತಿದ್ದಳು. ಹೂ ಜಾರುತ್ತಿತ್ತು, ಬೈದುಕೊಳ್ಳುತ್ತಿದ್ದಳು, ಮತ್ತೆ ಎತ್ತಿಕೊಳ್ಳುತ್ತಿದ್ದಳು. ಓದಿದವನೆಂಬ ಸಲಿಗೆಯಿಂದ ನಾನೊಮ್ಮೆ, ಇದರಿಂದ ಗುಣ ಆಗುತ್ತದೆ ಅಂತ ನಂಬಿದ್ದೀಯಾ ಎಂದು ಕೇಳಿಬಿಟ್ಟೆ.

"ಗುಣ ಮಾಡೂದು ಔಷಧಿ, ತಮಾ. ಕೊಡೂದು ಬಿಡೂದು ದೇವ್ರದ್ದು. ಹೇಳ್ಕಂಡದ್ದು ಮಾಡೂದು ಮಾತ್ರ ನಂದು" ಅಂದಳು.

ಹರಕೆ ಎಂಬ ಮಾತನ್ನೇ ಬಳಸದೆ 'ಹೇಳ್ಕಂಡದ್ದು' ಅಂದಳಲ್ಲ, ಅದು ನನಗೆ ಬಹಳ ದಿನ ಅಂಟಿಕೊಂಡಿತು. ನಿಘಂಟು ತೆರೆದು ನೋಡಿದ ಮೇಲೆ ತಿಳಿಯಿತು: ಪದದ ಬೇರನ್ನು ಅವಳು ನೇರವಾಗಿ ಮುಟ್ಟಿದ್ದಳು.

ಹರಕೆಗೂ ಹರನಿಗೂ ಸಂಬಂಧವಿಲ್ಲ. ಹರನಿಗೆ ಒಪ್ಪಿಸುವುದು ಹರಕೆ, ಪಾಪವನ್ನು ಹರಿಸುವುದು ಹರಕೆ ಎಂದೆಲ್ಲ ಪ್ರವಚನಗಳಲ್ಲಿ ಕೇಳುತ್ತೇವೆ. ಕೇಳಲು ಚೆಂದ, ನಿಲ್ಲುವುದಿಲ್ಲ. ಏಕೆಂದರೆ ಪದದ ಹಳೆಯ ರೂಪ 'ಪರಕೆ'. 'ಪರಸು' ಎಂಬ ಕ್ರಿಯೆಯಿಂದ ಹುಟ್ಟಿದ ನಾಮ ಅದು. ಹಾಲು ಪಾಲಾಗಿದ್ದ, ಹೂ ಪೂವಾಗಿದ್ದ ಕಾಲದಲ್ಲಿ ಹರಸುವುದು ಪರಸುವುದಾಗಿತ್ತು. ಪಕಾರವು ಹಕಾರವಾಗುವ ಈ ಬದಲಾವಣೆಯನ್ನು 13ನೇ ಶತಮಾನದ ಕೇಶಿರಾಜ ತನ್ನ 'ಶಬ್ದಮಣಿದರ್ಪಣ'ದಲ್ಲಿ ಗುರುತಿಸಿದ್ದಾನೆ. ಹುಲಿಗೆ ಪಿಲಿ ಎನ್ನುವ ತುಳುವರು ಹರಕೆಗೆ ಇವತ್ತಿಗೂ 'ಪರಕೆ' ಎಂದೇ ಹೇಳುತ್ತಾರೆ. ನಾವು ಕಳೆದುಕೊಂಡ ಪಕಾರ ಅಲ್ಲಿನ ದೈವಗಳ ಕೋಲ, ನೇಮಗಳಲ್ಲಿ ಇನ್ನೂ ಉಸಿರಾಡುತ್ತಿದೆ.

ಬರೋ ಮತ್ತು ಎಮೆನೊ ಅವರ ದ್ರಾವಿಡ ವ್ಯುತ್ಪತ್ತಿ ಕೋಶ (1961, ಪರಿಷ್ಕೃತ ಆವೃತ್ತಿ 1984) ಈ ಪರಸುವನ್ನು ತಮಿಳಿನ 'ಪರವು' ಎಂಬುದರ ಪಕ್ಕದಲ್ಲಿ ಇಡುತ್ತದೆ. ಪರವು ಎಂದರೆ ಸ್ತುತಿಸು, ಕೊಂಡಾಡು. ಅಂದರೆ ಈ ಕುಟುಂಬದ ಪದಗಳ ಮೂಲದಲ್ಲಿ ಇರುವುದು ಕಾಣಿಕೆಯಲ್ಲ, ಕುರಿಯಲ್ಲ, ಹುಂಡಿಯಲ್ಲ. ಬಾಯಿಬಿಟ್ಟು ಆಡಿದ ಒಳ್ಳೆಯ ಮಾತು. ಹಳಗನ್ನಡದಲ್ಲಿ ಪರಕೆ ಎಂದರೆ ಮೊದಲು ಆಶೀರ್ವಾದವೇ. ಸೇಸೆಯಿಕ್ಕಿ ಪರಸುವ ಹಿರಿಯರು, ಪರಕೆ ಕೊಡುವ ಮುನಿಗಳು ಹಳೆಯ ಕಾವ್ಯಗಳಲ್ಲಿ ಹೆಜ್ಜೆ ಹೆಜ್ಜೆಗೆ ಸಿಗುತ್ತಾರೆ. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಕಿಟೆಲ್ ಅವರ ನಿಘಂಟಿನ ಹೊತ್ತಿಗೆ ಹರಕೆಗೆ ಎರಡೂ ಅರ್ಥ: ಹರಸುವ ಮಾತು, ದೇವರಿಗೆ ಕೊಟ್ಟ ಮಾತು.

ಇವೆರಡೂ ಎದುರುಬದುರು ದಾರಿಗಳು. ಹರಸುವ ಮಾತು ಮೇಲಿನಿಂದ ಕೆಳಗೆ ಬರುತ್ತದೆ: ಅಜ್ಜಿಯಿಂದ ಮೊಮ್ಮಗುವಿಗೆ, ಗುರುವಿನಿಂದ ಶಿಷ್ಯನಿಗೆ. ಹೊತ್ತ ಹರಕೆ ಕೆಳಗಿನಿಂದ ಮೇಲಕ್ಕೆ ಹೋಗುತ್ತದೆ. ಒಂದೇ ಪದ ಎರಡು ಕಡೆಗೂ ಹೇಗೆ ನಡೆಯಿತು? ನನಗೆ ತೋರುವುದು ಇಷ್ಟು. ಎರಡರಲ್ಲಿಯೂ ಇನ್ನೂ ಆಗದ್ದನ್ನು ಆಗಲಿ ಎಂದು ಬಾಯಿಬಿಟ್ಟು ಹೇಳುತ್ತೇವೆ. ನೂರು ವರ್ಷ ಬಾಳು ಎನ್ನುವ ಅಜ್ಜಿಗೂ, ದೇವಿಯ ಮುಂದಿನ ಬಂಡಿಹಬ್ಬಕ್ಕೆ ಬಂದು ದಂಡೆ ಮುಡಿಸುತ್ತೇನೆ ಎನ್ನುವ ರೋಗಿಗೂ ಬೇಕಾದ ಕಾಲ ಒಂದೇ, ಬರುವ ಕಾಲ. ನಮ್ಮ ಕಡೆ ಬಾವಿಯನ್ನು 'ಭಾವಿ' ಎಂದು ಬರೆಯುವ ರೂಢಿ. ಭಾವಿ ಎಂದರೆ ಮುಂದೆ ಆಗಲಿರುವುದು ಎಂದೂ ಅರ್ಥ. ಊರ ಹೆಸರಿಗೆ ಆ ಅರ್ಥ ಹಚ್ಚುವುದು ವ್ಯಾಕರಣಕ್ಕೆ ಒಪ್ಪುವ ಮಾತಲ್ಲ. ಆದರೂ ಕ್ಯಾಲೆಂಡರಿನ ಹಿಂದೆ ಗೀಟು ಎಳೆಯುತ್ತಿದ್ದ ಚಿಕ್ಕಮ್ಮನನ್ನು ನೆನೆದಾಗೆಲ್ಲ ಭಾವಿಕೇರಿ ಎಂಬ ಫಲಕ ನನಗೆ ಹಾಗೇ ಓದಿಸಿಕೊಳ್ಳುತ್ತದೆ.

ಹರಕೆಯ ಇನ್ನೊಂದು ಮುಖವನ್ನು ಮುಚ್ಚಿಟ್ಟು ಬರೆದರೆ ತಪ್ಪಾಗುತ್ತದೆ. 12ನೇ ಶತಮಾನದಲ್ಲಿಯೇ ಬಸವಣ್ಣನವರು ವಚನವೊಂದರಲ್ಲಿ, ತನ್ನನ್ನು ಬಲಿ ಕೊಡಲಿದ್ದಾರೆ ಎಂದರಿಯದೆ ತೋರಣದ ತಳಿರನ್ನು ಮೇಯುವ ಕುರಿಯನ್ನು ತೋರಿಸಿದ್ದಾರೆ. ಆ ಕುರಿ ಮುಂದೆ ನುಡಿಗಟ್ಟಾಯಿತು, ಚಂದ್ರಶೇಖರ ಕಂಬಾರರ ನಾಟಕದ ಹೆಸರಾಯಿತು. ಸೋಲುವುದು ಖಚಿತವಿದ್ದ ಕ್ಷೇತ್ರಕ್ಕೆ ಪಕ್ಷ ನೂಕಿದ ಅಭ್ಯರ್ಥಿಯನ್ನು ಪತ್ರಿಕೆಗಳು ಇಂದಿಗೂ ಹರಕೆಯ ಕುರಿ ಎನ್ನುತ್ತವೆ. ರಾಜ್ಯದಲ್ಲಿ ಪ್ರಾಣಿಬಲಿ ತಡೆ ಕಾಯ್ದೆ ಬಂದದ್ದು 1959ರಲ್ಲಿ. ಮನೆಯಲ್ಲಿ ಯಾರಿಗೋ ಕಾಯಿಲೆ ಎಂದು ಹೆಣ್ಣುಮಗುವಿಗೆ ಮುತ್ತು ಕಟ್ಟಿ ದೇವದಾಸಿಯಾಗಿಸುತ್ತಿದ್ದುದೂ ಹರಕೆಯ ಹೆಸರಿನಲ್ಲಿಯೇ. ಅದನ್ನು ತಡೆಯಲು 1982ರ ಕಾಯ್ದೆ ಬೇಕಾಯಿತು. ಸೊರಬ ತಾಲೂಕಿನ ಚಂದ್ರಗುತ್ತಿಯಲ್ಲಿ ಬೆತ್ತಲೆ ಸೇವೆಯ ಹರಕೆ 1986ರಲ್ಲಿ ಅಲ್ಲಿ ನಡೆದ ಗಲಭೆಯ ನಂತರ ನಿಷೇಧವಾಯಿತು. ಈ ಪಟ್ಟಿಯಲ್ಲಿ ಹೆಚ್ಚಿನವು ಒಬ್ಬರ ಬಾಯಿಂದ ಹೊರಟ ಮಾತನ್ನು ಇನ್ನೊಬ್ಬರ ಮೈಯಿಂದ ತೀರಿಸಿದಂಥವು. ಕುರಿಯೂ ಮಾತು ಕೊಟ್ಟಿರಲಿಲ್ಲ, ಮಗುವೂ ಕೊಟ್ಟಿರಲಿಲ್ಲ. ಅದು ಹರಕೆಯಲ್ಲ, ವರ್ಗಾವಣೆ.

ಪದಕ್ಕಿಂತ ಅದರ ಜೊತೆ ಓಡಾಡುವ ಕ್ರಿಯಾಪದಗಳೇ ನನಗೆ ಹೆಚ್ಚು ಹೇಳುತ್ತವೆ. ಕನ್ನಡದಲ್ಲಿ ಹರಕೆಯನ್ನು ಸಾಮಾನ್ಯವಾಗಿ 'ಮಾಡುವುದಿಲ್ಲ', ಹೊರುತ್ತಾರೆ. ಮೊದಲೇ ರೋಗದ ಹೊರೆ, ಖರ್ಚಿನ ಹೊರೆ. ಅದರ ಮೇಲೆ ಇನ್ನೊಂದನ್ನು ಯಾಕೆ ಎತ್ತಿಕೊಳ್ಳಬೇಕು? ರೋಗದ ಹೊರೆಯನ್ನು ನಾವು ಆರಿಸಿದ್ದಲ್ಲ. ಎಷ್ಟು ಭಾರ, ಎಲ್ಲಿಯವರೆಗೆ ಎಂಬುದು ನಮ್ಮ ಕೈಯಲ್ಲಿಲ್ಲ. ಹರಕೆಯ ಹೊರೆಗೆ ಮಾತ್ರ ತೂಕವಿದೆ, ಅಳತೆಯಿದೆ, ಮುಗಿಯುವ ತಾಣವಿದೆ: ನೂರೊಂದು ದಂಡೆ. ಉತ್ತರ ಕನ್ನಡದಂಥ ಜಿಲ್ಲೆಯಲ್ಲಿ ಇದು ಬರೀ ತತ್ತ್ವವಲ್ಲ. ದೊಡ್ಡ ಕಾಯಿಲೆ ಬಂದರೆ ಮಣಿಪಾಲಕ್ಕೆ, ಹುಬ್ಬಳ್ಳಿಗೆ, ಇಲ್ಲವೇ ಗೋವೆಗೆ ಓಡಬೇಕು. 2022ರಲ್ಲಿ ಜಿಲ್ಲೆಗೊಂದು ಸುಸಜ್ಜಿತ ಆಸ್ಪತ್ರೆ ಬೇಕೆಂದು ಜನ ಬೀದಿಗಿಳಿದದ್ದು ಇದಕ್ಕೇ. ಅಷ್ಟು ದೂರದ ದಾರಿಯಲ್ಲಿ ಕಾರಿನ ಹಿಂದಿನ ಸೀಟಿನಲ್ಲಿ ಒರಗಿಕೊಂಡವರಿಗೆ ಎಣಿಸಲು ಏನಾದರೂ ಬೇಕಾಗುತ್ತದೆ. ಹಾಗೆಂದು ಆಸ್ಪತ್ರೆಯ ಜಾಗಕ್ಕೆ ಹರಕೆ ಬರುವುದಿಲ್ಲ. ಚಿಕ್ಕಮ್ಮ ಒಂದು ಕಿಮೋವನ್ನೂ ತಪ್ಪಿಸಿದವಳಲ್ಲ.

ಹೊತ್ತದ್ದನ್ನು 'ತೀರಿಸುತ್ತಾರೆ'. ಸಾಲಕ್ಕೂ ಇದೇ ಕ್ರಿಯಾಪದ. ತಮಿಳರು ಹರಕೆಗೆ 'ನೇರ್ತ್ತಿಕ್ಕಡನ್' ಎನ್ನುವಾಗ ಅದರ ಬಾಲದಲ್ಲಿರುವುದೂ ನಮ್ಮ 'ಕಡ'ವೇ, ಸಾಲವೇ. ಕಾರವಾರದ ಕಡೆ ಕೊಂಕಣಿಯಲ್ಲಿ ಇದು 'ಆಂಗವಣ'. ಕಾಳಿ ಸೇತುವೆಯ ಹತ್ತಿರದ ಖಾಪ್ರಿ ದೇವರಿಗೆ ಮದ್ಯ, ಸಿಗರೇಟು ಒಪ್ಪಿಸಿ ಆಂಗವಣ ತೀರಿಸುವವರನ್ನು ನೋಡಿ ಹೊರಗಿನವರು ನಗುತ್ತಾರೆ. ದೇವರಿಗೆ ಯಾವುದು ರುಚಿ ಎಂಬುದು ಕೊಟ್ಟವರಿಗೂ ಕೊಂಡವರಿಗೂ ಸೇರಿದ ವಿಷಯ, ನಾನು ನಗುವುದಿಲ್ಲ. ಆದರೆ ಸಾಲದ ಭಾಷೆ ಬಂದಲ್ಲಿ ವಸೂಲಿಯವರೂ ಬರುತ್ತಾರೆ. ಅಜ್ಜನ ಕಾಲದ ಹರಕೆ ಬಾಕಿಯಿದೆ, ಅದಕ್ಕೇ ಈ ಕಾಯಿಲೆ ಎಂದು ಹೆದರಿಸುವವರನ್ನು ಪ್ರತಿ ಊರಿನಲ್ಲಿಯೂ ಕಾಣಬಹುದು. ನೆಮ್ಮದಿಗೆಂದು ಹುಟ್ಟಿದ ಮಾತಿಗೆ ಬಡ್ಡಿ ಕಟ್ಟಿಸಿಕೊಳ್ಳುವ ಈ ಜನರ ಬಗ್ಗೆ ನನಗೆ ತಾಳ್ಮೆಯಿಲ್ಲ.

ಇನ್ನು ಹರಕೆ ಕಲೆಯಾಗುವ ಬಗೆ. ಉಜಿರೆಯ ಹತ್ತಿರ ನಡ ಗ್ರಾಮದಲ್ಲಿ ಸುರ್ಯ ಎಂಬ ಜಾಗವಿದೆ. ಅಲ್ಲಿನ ಸದಾಶಿವ ರುದ್ರನಿಗೆ ಒಪ್ಪಿಸುವುದು ಮಣ್ಣಿನ ಹರಕೆ. ಕಾಲು ನೋವಿದ್ದವರು ಮಣ್ಣಿನ ಕಾಲು, ಕಣ್ಣು ಮಂಜಾದವರು ಮಣ್ಣಿನ ಕಣ್ಣು, ಮಕ್ಕಳಿಲ್ಲದವರು ಮಣ್ಣಿನ ತೊಟ್ಟಿಲು, ಮನೆ ಕಟ್ಟುವವರು ಅಂಗೈಯಗಲದ ಮನೆ. ಪೂಜೆಯ ನಂತರ ಅವೆಲ್ಲ ಮರಗಳ ನೆರಳಿನ ಹರಕೆ ಬನ ಸೇರುತ್ತವೆ. ಅಲ್ಲಿ ನಿಂತರೆ ಒಂದು ನಾಡಿನ ನೋವುಗಳೆಲ್ಲ ಆಕಾರ ಪಡೆದು, ಮಳೆಗೆ ನೆನೆದು, ಪಾಚಿ ಹಿಡಿದು ರಾಶಿ ಬಿದ್ದಿರುವುದು ಕಾಣುತ್ತದೆ. ಗ್ರೀಸಿನ ಕೊರಿಂತ್‌ನಲ್ಲಿ ವೈದ್ಯದೇವರಾದ ಅಸ್ಕ್ಲೀಪಿಯಸ್‌ನ ಗುಡಿಯ ನೆಲ ಅಗೆದಾಗಲೂ ಇಂಥವೇ ಸಿಕ್ಕವು: ಎರಡು ಸಾವಿರ ವರ್ಷಕ್ಕೂ ಹಿಂದಿನ ಸುಟ್ಟಮಣ್ಣಿನ ಕೈ, ಕಾಲು, ಕಿವಿ, ಮೊಲೆ. ವೇಳಾಂಕಣಿಯ ಮಾತೆಗೆ ಬರುವ ಮೇಣದ, ಬೆಳ್ಳಿಯ ಅವಯವಗಳೂ ಇದೇ ಸಂತತಿ. ಎಲ್ಲರೂ ಒಬ್ಬರನ್ನೊಬ್ಬರು ನೋಡಿಯೇ ಕಲಿತದ್ದಿರಲಿಕ್ಕಿಲ್ಲ. ಒಳಗಿನ ನೋವನ್ನು ಕೈಯಲ್ಲಿ ಹಿಡಿಯುವಷ್ಟು ಚಿಕ್ಕದು ಮಾಡಿ ಹೊರಗಿಡುವ ಆಸೆ ಎಲ್ಲ ಕಡೆಯ ರೋಗಿಗಳದ್ದು.

ಅಂಕೋಲೆಯ ಮಟ್ಟಿಗೆ ಹೇಳುವುದಾದರೆ, ಮಣ್ಣು ಮತ್ತು ದೇವರ ಸಂಬಂಧ ಇನ್ನೂ ಹತ್ತಿರದ್ದು. ನಮ್ಮ ಗ್ರಾಮದೇವತೆಗಳ ಪೂಜೆ ಮಾಡುವ ಗುನಗರು ಮೂಲತಃ ಕುಂಬಾರರು. ಗಡಿಗೆ ತಟ್ಟಿದ ಕೈಯೇ ವೈಶಾಖ ಹುಣ್ಣಿಮೆಯ ಬಂಡಿಹಬ್ಬದಲ್ಲಿ ಕಳಸ ಹೊರುತ್ತದೆ. ಚಿಕ್ಕಮ್ಮ ಹರಕೆ ಹೊತ್ತ ಶಾಂತಾದುರ್ಗೆಯ ಹೆಸರಿನಲ್ಲೇ ಶಾಂತಿಯಿದೆ. ಹರಿಹರರ ಜಗಳ ಬಿಡಿಸಿದವಳು ಅವಳು ಎಂಬುದು ಗೋವೆಯಿಂದ ಇಲ್ಲಿಯವರೆಗೂ ಹರಡಿದ ಕತೆ.

ತೆಂಕಣ ಸೀಮೆಗೆ ಹೋದರೆ ಹರಕೆ ರಾತ್ರಿಯ ಹೊತ್ತು ಕುಣಿಯುತ್ತದೆ. ಕಟೀಲು, ಮಂದಾರ್ತಿಯ ಯಕ್ಷಗಾನ ಮೇಳಗಳದ್ದು ಹರಕೆ ಆಟ. ಮಗನ ಜ್ವರ ಇಳಿದರೆ, ಅಪ್ಪನ ಹೃದಯದ ಶಸ್ತ್ರಕ್ರಿಯೆ ಸುಸೂತ್ರವಾದರೆ ಒಂದು ಆಟ ಆಡಿಸುತ್ತೇನೆ ಎಂದು ಹೊತ್ತವರ ಸಾಲು ಎಷ್ಟು ಉದ್ದವೆಂದರೆ ಸರದಿ ಬರಲು ವರ್ಷಗಟ್ಟಲೆ ಕಾಯಬೇಕು. ಹೊತ್ತವರು ಹೋಗಿ ಮಕ್ಕಳು ಆಡಿಸುವುದೂ ಉಂಟು. ಗದ್ದೆಯಲ್ಲಿ ರಂಗಸ್ಥಳ ಎದ್ದು, ದೇವಿ ಮಹಾತ್ಮೆಯ ಮಹಿಷಾಸುರ ಪಂಜು ಹಿಡಿದು ಜನರ ನಡುವಿನಿಂದ ಬರುವಾಗ ಆ ಮನೆಯವರ ಖಾಸಗಿ ಭಯ ಇಡೀ ಊರಿನ ಆಟವಾಗಿರುತ್ತದೆ. ಗುಣವಾದವರು ಮುಂದಿನ ಸಾಲಿನಲ್ಲಿ ಶಾಲು ಹೊದ್ದು ಕೂತಿರುತ್ತಾರೆ. ಆಸ್ಪತ್ರೆಯ ಬಿಡುಗಡೆ ಚೀಟಿ ಕೊಡಲಾರದ ಬಿಡುಗಡೆ ಅದು.

ಹರಸುವ ಮೊದಲ ಅರ್ಥವನ್ನು ನಮ್ಮ ತಾಲೂಕು ಹಾಡಿನಲ್ಲಿ ಉಳಿಸಿಕೊಂಡಿದೆ. ಬಡಗೇರಿಯ ಹಾಲಕ್ಕಿ ಸಮುದಾಯದ ಹಾಡುಗಾತಿ ಸುಕ್ರಿ ಬೊಮ್ಮಗೌಡರಿಗೆ 2017ರಲ್ಲಿ ಪದ್ಮಶ್ರೀ ಬಂತು. 2025ರ ಫೆಬ್ರುವರಿ 13ರಂದು ಅವರು ನಮ್ಮನ್ನಗಲಿದರು. ಕುಡಿತದಿಂದ ಮನೆಯೊಳಗೇ ಸಾವು ಕಂಡಿದ್ದ ಅವರು ಹಾಡನ್ನೂ ಬಿಡಲಿಲ್ಲ, ಸಾರಾಯಿಯ ವಿರುದ್ಧದ ಜಗಳವನ್ನೂ ಬಿಡಲಿಲ್ಲ. ಅವರಂತೆ ಮದುವೆಯ ಚಪ್ಪರದಲ್ಲಿ ಮದುಮಕ್ಕಳಿಗೆ ಒಳ್ಳೆಯದನ್ನು ಕೋರಿ ಹಾಡುವ ಹೆಂಗಸರ ಸಾಲಿನಲ್ಲಿ ನಡೆಯುವುದು ಪರಸುವಿಕೆಯೇ, ಪಕಾರ ಹೋಗಿದ್ದರೂ.

'ತೀರು' ಎಂಬ ಕ್ರಿಯಾಪದದ ಬಗ್ಗೆ ಇನ್ನೂ ಒಂದು ಮಾತು ಬಾಕಿಯಿದೆ. ಸಾಲ ತೀರುತ್ತದೆ, ಹರಕೆ ತೀರುತ್ತದೆ. ಸತ್ತವರನ್ನೂ ನಾವು ತೀರಿಕೊಂಡರು ಎನ್ನುತ್ತೇವೆ. ಚಿಕ್ಕಮ್ಮ ಮೂರನೆಯ ಮಳೆಗಾಲದಲ್ಲಿ ತೀರಿಕೊಂಡಳು. ರೋಗ ಒಮ್ಮೆ ಹಿಂದೆ ಸರಿದು ಮತ್ತೆ ಬಂದಿತ್ತು. ಹರಕೆ ಫಲಿಸಲಿಲ್ಲ ಎಂದು ನೆಂಟರಲ್ಲಿ ಒಬ್ಬಿಬ್ಬರು ಪಿಸುಗುಟ್ಟಿದ್ದು ಕೇಳಿದೆ. ಅವಳು ಹಾಗೆ ಹೇಳಿದ್ದನ್ನು ನಾನು ಕೇಳಿಲ್ಲ. ಕೊನೆಯ ತಿಂಗಳುಗಳಲ್ಲಿ ಹೂವಿನ ಬುಟ್ಟಿ ಮುಂದಿಟ್ಟುಕೊಂಡು ಕೂತ ಹೊತ್ತಿನಲ್ಲಿ ಮಾತ್ರ ಅವಳು ನೋವಿನ ಮಾತ್ರೆ ಕೇಳುತ್ತಿರಲಿಲ್ಲ ಎಂದು ಚಿಕ್ಕಪ್ಪ ಹೇಳುತ್ತಾನೆ. ಅದು ಅವನ ನೋಟ್‌ಬುಕ್ಕಿನಲ್ಲಿಯೂ ಬರೆದಿದೆ.

ಕ್ಯಾಲೆಂಡರಿನ ಹಿಂದೆ ತೊಂಬತ್ತನಾಲ್ಕು ಗೀಟುಗಳಿದ್ದವು. ಉಳಿದ ಏಳು ದಂಡೆಗಳನ್ನು ಅವಳ ಸೊಸೆ ಕಟ್ಟಿದಳು, ಮುಂದಿನ ಬಂಡಿಹಬ್ಬಕ್ಕೆ ಮೊದಲು.